ಧೂಳಪ್ಪ ಒಗೆದ ಚೀಟಿ

ಇಂಗ್ಲಿಷ್ ಒಂದು ಅಡ್ಡ ಬರದಿದ್ದರೆ ಅಕ್ಕುತಾಯಿ ಎಂಬತ್ತೆಂಟರಲ್ಲೇ ಎಸ್ಸೆಸ್ಸೆಲ್ಸಿ ದಾಟಿಬಿಡುತ್ತಿದ್ದಳು. ಗಣಿತ ಪಾಸು, ವಿಜ್ಞಾನ ಪಾಸು, ಕನ್ನಡದಲ್ಲಂತೂ ಶಾಲೆಗೇ ಮುಂದು. ಈ ಹಾಳು ಇಂಗ್ಲಿಷಿನಲ್ಲಿ ಮುಗ್ಗರಿಸಿದಳು. ಪಾಲಬಾವಿಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಊರಿನ ಅರ್ಧ ಹುಡುಗರು ಇಂಗ್ಲಿಷಿಗೆ ದೂರದಿಂದಲೇ ಕೈಮುಗಿದು ಕಬ್ಬು ಕಡಿಯಲು ಹೋದವರು. ಆದರೆ ಅವರಿಗಿಲ್ಲದ ಹಟ ಇವಳಿಗಿತ್ತು. ದವಾಖಾನೆಯ ನರ್ಸ್ ಗಿರಿಜವ್ವ, "ಪಾಸಾಗಿ ಬಾ ಯವ್ವಾ, ಟ್ರೇನಿಂಗಿಗೆ ನಾನ ಅರ್ಜಿ ಹಾಕಸ್ತೀನಿ" ಅಂದದ್ದೇ ಸೈ, ಹುಡುಗಿಗೆ ನರ್ಸಿನ ಬಿಳಿ ಸೀರೆಯದೇ ಧ್ಯಾನ ಹಿಡಿಯಿತು.

ಅವಳ ಅಪ್ಪ ಧೂಳಪ್ಪ ರಾವಸಾಹೇಬರ ತೋಟದಲ್ಲಿ ವರ್ಷದ ಆಳು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನು, ಅವನ ತಾಯಿ ಸಕ್ಕುಬಾಯಿ, ಮತ್ತು ಈ ಮಗಳು. ಸಕ್ಕುಬಾಯಿ ಬಾಯಿ ಬಿಟ್ಟರೆ ಕೊಡಲಿ ಪೆಟ್ಟು.

"ಅಕ್ಟೋಬರ್ ಪರೀಕ್ಷಾ ಒಂದ ನೋಡ್ತೀನಿ," ಅಂದಳು. "ಪಾಸಾದ್ರ ಆಕಿ ಪುಣ್ಯಾ, ಕಲೀಲಿ. ನಪಾಸಾದ್ರ ಭೋಜ ಊರಿನ ಗಂಡಿಗೆ ಹೂಂ ಅಂತ ಹೇಳಿ ಕಳಸೂದ. ಆ ಹುಡುಗ ತಂಬಾಕು ವಖಾರ್‍ಯಾಗ ದುಡೀತಾನ, ಉಣ್ಣಾಕ ಉಡಾಕ ಏನ ಕಮ್ಮಿಲ್ಲ."

ಧೂಳಪ್ಪನಿಗೆ ಮಗಳು ನರ್ಸಾಗಬೇಕೆಂಬ ಆಸೆ ಮಗಳಿಗಿಂತ ಒಂದು ಕೈ ಹೆಚ್ಚೇ ಇತ್ತು. ಹೆಂಡತಿ ಜ್ವರ ಬಂದು ಸತ್ತಾಗ ಸೂಜಿ ಹಾಕುವ ಒಂದು ಕೈ ಸಿಗದೆ ಅವನು ಕಂಗಾಲಾಗಿ ಓಡಾಡಿದ್ದ. ಆದರೆ ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ.

ಸಂಜೆ ಅವನು ಕಟ್ಟೆಯ ಬದಿಗೆ ಕೂತು ದನಕ್ಕೆ ಕಣಕಿ ಕತ್ತರಿಸುವಾಗ ಮಗಳು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವಳು. ಐ ಗೋ ಟು ಸ್ಕೂಲ್. ಐ ಆ್ಯಮ್ ಗೋಯಿಂಗ್ ಟು ಸ್ಕೂಲ್. ಐ ಹ್ಯಾವ್ ಗಾನ್ ಟು ಸ್ಕೂಲ್. ಧೂಳಪ್ಪನ ಕಿವಿಗೆ ಮೊದಲಿನ ಐ ಬೀಳುತ್ತಿತ್ತು, ಕೊನೆಯ ಸ್ಕೂಲ್ ಬೀಳುತ್ತಿತ್ತು, ನಡುವಿನದೆಲ್ಲ ಗುಳುಗುಳು. ಮೊದಲ ವಾರ ಖುಷಿಯಿಂದ ಕೇಳಿದ. ಎರಡನೆಯ ವಾರ ಮುಖ ಸಣ್ಣದಾಯಿತು. ಗಣೇಶ ಚೌತಿ ಬಂತು, ಹೋಯಿತು. ಹುಡುಗಿ ಇನ್ನೂ ಐ ಸ್ಕೂಲ್, ಐ ಸ್ಕೂಲ್! ಅಯ್ಯೋ ದೇವರೇ, ಇಷ್ಟು ದಿನ ಬಡಕೊಂಡರೂ ಒಂದೇ ಒಂದು ಮಾತು ಇದರ ನಾಲಿಗೆಗೆ ಹತ್ತವಲ್ಲದಲ್ಲ, ತಪ್ಪುತ್ತಾಳೆ, ಮತ್ತೆ ಮೊದಲಿಂದ ಶುರು ಮಾಡುತ್ತಾಳೆ, ಪೂರಾ ಪುಸ್ತಕ ಯಾವಾಗ ಮುಗಿಸುತ್ತಾಳೆ ಅಂತ ಅವನ ಎದೆ ಕುಸಿಯಿತು.

ಕೇಳಬೇಕಿತ್ತು ಪುಣ್ಯಾತ್ಮ! ಬಾಯಿ ಇರಲಿಲ್ಲವೇ? ಮಗಳು ಎದುರಿಗೇ ಕೂತಿದ್ದಳು. "ಏನಬೇ ಅದು, ಅದನ್ನ ಎಷ್ಟ ಸಲ ಅಂತಿ?" ಅಂತ ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಸಹಿ ಮಾಡಲು ಬಾರದ ನಾನು ಓದುವವಳನ್ನು ಏನು ಕೇಳುವುದು ಅಂತ ಸಂಕೋಚ. ಕೇಳಿದರೆ ಅವಳು ಅತ್ತಾಳು ಎಂಬ ಅಂಜಿಕೆ ಬೇರೆ. ಕೇಳಲಿಲ್ಲ.

ಬದಲಿಗೆ ಅಣ್ಣಾಸಾಬನ ಹತ್ತಿರ ಹೋದ. ಅಣ್ಣಾಸಾಬ ಪಿಯುಸಿ ಓದಿ ಬಿಟ್ಟು ಸೈಕಲ್ ಅಂಗಡಿ ಹಾಕಿಕೊಂಡ ಹುಡುಗ. ಪರೀಕ್ಷೆ ಬಂತೆಂದರೆ ಅಂಗಡಿಗೆ ಬೀಗ ಹಾಕಿ ಸೆಂಟರಿನ ಹೊರಗೆ ಹಾಜರು.

"ಚಿಂತಿ ಬಿಡ್ರಿ ಕಾಕಾ," ಅಂದ. "ಪೇಪರ್ ಹೊರಗ ಬಂದಮ್ಯಾಲ ಉತ್ತರಾ ಬರಕೊಡೂದು ನನ್ನ ಕೆಲಸ. ಒಳಗ ಮುಟ್ಟಸೂದು ನಿಮ್ದು. ಮತ್ತ ಆಕಿಗೆ ಮೊದಲ ಹೇಳಬ್ಯಾಡ್ರಿ, ಹೆಣ್ಣಹುಡುಗ್ಯಾರು ಅಂಜತಾವ."

ಪರೀಕ್ಷೆಯ ದಿನ ಅಪ್ಪ ಮಗಳು ಬಸ್ಸು ಹತ್ತಿ ಸೆಂಟರ್ ಬಿದ್ದ ಊರಿಗೆ ಹೋದರು. ಗೇಟಿನಲ್ಲಿ ಅವಳು ಅಪ್ಪನ ಕಾಲು ಮುಟ್ಟಿ ನಗುತ್ತ ಒಳಗೆ ಹೋದಳು. ಆ ನಗುವನ್ನೇ ನೋಡುತ್ತ ಧೂಳಪ್ಪ ಗೇಟಿನಲ್ಲಿ ನಿಂತ. ಪಾಪ, ಏನೂ ಬರದಿದ್ದರೂ ಧೈರ್ಯ ತೋರಿಸುತ್ತಾಳೆ ಅಂದುಕೊಂಡ.

ಗಂಟೆ ಬಾರಿಸಿ ಅರ್ಧ ತಾಸಿಗೆಲ್ಲ ಶಾಲೆಯ ಹಿಂದೆ ಜನವೋ ಜನ. ಅಣ್ಣ ತಮ್ಮ ಮಾವ ಭಾವ ಎಲ್ಲರೂ ಕಿಟಕಿಗೆ ಜೋತುಬಿದ್ದವರೇ. ಒಳಗೆ ಮೇಷ್ಟ್ರು ಗೋಡೆ ನೋಡುತ್ತ ನಿಂತಿದ್ದರು. ಅಣ್ಣಾಸಾಬ ಹುಣಸೆಮರದ ಬುಡದಲ್ಲಿ ಕೂತು ಬರೆದು, ಚೀಟಿಯನ್ನು ಹರಳಿಗೆ ಸುತ್ತಿ ದಾರ ಕಟ್ಟಿ ಕೊಟ್ಟ. ಧೂಳಪ್ಪನಿಗೆ ಮಗಳ ಕೆಂಪು ರಿಬ್ಬನ್ ಕಂಡಿತು. ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿದ ಕೈ ಅದು, ಗುರಿ ತಪ್ಪಲಿಲ್ಲ. ಚೀಟಿ ಕಿಟಕಿಯ ಸರಳು ದಾಟಿ ನೆಟ್ಟಗೆ ಅವಳ ಡೆಸ್ಕಿನ ಮೇಲೆ ಬಿತ್ತು. ಅವಳು ಬೆಚ್ಚಿ ಬಿದ್ದಳು. ಚೀಟಿಯನ್ನು ನೋಡಿದಳು, ಮುಟ್ಟಲಿಲ್ಲ. ತಲೆ ಬಗ್ಗಿಸಿ ಮತ್ತೆ ಬರೆಯತೊಡಗಿದಳು.

"ತಗೋಳಬೇ, ತಗೋ," ಅಂತ ಅವನು ಹೊರಗೆ ಹಲ್ಲು ಕಚ್ಚಿಕೊಂಡು ನಿಂತ.

ಅಷ್ಟರಲ್ಲಿ ಯಾರೋ "ಸ್ಕ್ವಾಡ್! ಸ್ಕ್ವಾಡ್!" ಅಂತ ಕೂಗಿದರು. ಜೀಪು ಗೇಟಿನೊಳಗೆ ಬಂದೇಬಿಟ್ಟಿತು. ಜನ ದಿಕ್ಕಾಪಾಲು. ಅಣ್ಣಾಸಾಬನ ಚಪ್ಪಲಿ ಮರದ ಕೆಳಗೇ ಉಳಿದವು, ಅವನ ಪತ್ತೆಯಿಲ್ಲ. ಧೂಳಪ್ಪ ಓಡಲಿಲ್ಲ, ಮಗಳನ್ನು ಬಿಟ್ಟು ಎಲ್ಲಿಗೆ ಓಡುವುದು? ರಸ್ತೆಯಾಚೆಯ ಬೇವಿನ ಮರದ ಮರೆಗೆ ನಿಂತ.

ಸ್ವಲ್ಪ ಹೊತ್ತಿಗೆ ಸಿಪಾಯಿ ಗೇಟಿಗೆ ಬಂದು ಕೂಗಿದ. "ಪಾಲಬಾವಿ ಧೂಳಪ್ಪ ಯಾರ್‍ರಿ? ಅಕ್ಕುತಾಯಿ ತಂದಿ, ಒಳಗ ಬರ್ರಿ, ಸಾಹೇಬ್ರು ಕರೀತಾರ!"

ಸಿಪಾಯಿಯ ಪಕ್ಕದಲ್ಲಿ ಲಾಠಿ ಹಿಡಿದ ಪೋಲೀಸ ಇದ್ದ. ಒಳಗೆ ಹೋದರೆ ಜೈಲೇ ಗತಿ, ರಾವಸಾಹೇಬರು ಕೆಲಸದಿಂದ ತೆಗೆಯುತ್ತಾರೆ, ಮನೆಯಲ್ಲಿ ಮುದುಕಿ ಉಪವಾಸ ಬೀಳುತ್ತಾಳೆ ಅಂತ ಧೂಳಪ್ಪನಿಗೆ ಒಂದೇ ಉಸಿರಿಗೆ ಏನೇನೋ ಹೊಳೆಯಿತು. ಸಿಪಾಯಿ ಮತ್ತೆ ಕೂಗಿದ, ಮತ್ತೂ ಕೂಗಿದ. ತನ್ನ ಹೆಸರು ಬೇರೆ ಯಾರದೋ ಎಂಬಂತೆ ಧೂಳಪ್ಪ ಅತ್ತ ಕಡೆ ತಿರುಗಿ ನಿಂತ. ಸಿಪಾಯಿ ಬೇಸತ್ತು ಒಳಗೆ ಹೋದ.

ಅಕ್ಕುತಾಯಿ ಹೊರಗೆ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ಎರಡು ವರ್ಷ ಡಿಬಾರ್, ಪರೀಕ್ಷೆಗೆ ಕೂಡುವಂತಿಲ್ಲ ಎಂದಷ್ಟೇ ಹೇಳಿದಳು. ಬಸ್ಸಿಳಿದು ಕಬ್ಬಿನ ಗದ್ದೆಗಳ ನಡುವೆ ನಡೆಯುವಾಗ ದುಃಖ ತಡೆಯದೆ ದಾರಿಯಲ್ಲೇ ಕುಕ್ಕರಿಸಿ ಅತ್ತಳು.

"ಯಾವ ಮೂಳ ಒಗದ್ನೋ ಏನೋ ಅಪ್ಪಾ, ಅವನ ಕೈ ಸೇದಿ ಹೋಗ್ಲಿ! ಸಾಹೇಬ್ರು ಕೆಟ್ಟಾವ್ರಲ್ಲ. ನಾ ಚೀಟಿ ಬಿಚ್ಚಿಲ್ಲ ಅನ್ನೂದ ನೋಡಿದ್ರು. 'ಇದು ನೀ ತರಿಸಿದ್ದಲ್ಲ ಅಂತ ಖಾತ್ರಿ ಆದ್ರ ನಿನ್ನ ಬಿಡ್ತೀನಿ' ಅಂದ್ರು. ನಮ್ಮಪ್ಪ ಗೇಟಿನ್ಯಾಗ ಅದಾನ, ಅವನ್ನ ಕೇಳ್ರಿ, ಅಂವ ಸುಳ್ಳ ಹೇಳೂದಿಲ್ಲ ಅಂದ್ನಿ. ಎಲ್ಲಿ ಹೋಗಿದ್ದೆಪಾ ನೀ?"

"ಚಾ ಕುಡ್ಯಾಕ ಹೋಗಿದ್ನಿ," ಅಂದ ಧೂಳಪ್ಪ.

"ಹೋಗ್ಲಿ ಬಿಡು, ನಿನಗೇನ ಗೊತ್ತ," ಅಂತ ಅವಳೇ ಸಮಾಧಾನ ಹೇಳಿದಳು.

ಅವನು ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಒಂದು ಮಾತು ಹಿಡಿದ. "ಹೆಂಗೂ ನಿನಗ ಪೇಪರ್ ಬಿಡಸಾಕ ಬರತಿರಲಿಲ್ಲಲ್ಲಬೇ. ಎರಡ ತಿಂಗಳು ಆ ಸ್ಕೂಲಿಂದು ಒಂದ ಮಾತಿಗೆ ಜೋತಬಿದ್ದಿದ್ದಿ..."

ಅಕ್ಕುತಾಯಿ ಅಳು ನಿಲ್ಲಿಸಿ ಅಪ್ಪನನ್ನೇ ನೋಡಿದಳು. "ಒಂದ ಮಾತ ಅಲ್ಲಪಾ ಅದು. ಸಾಲಿಗೆ ಹೋಗತೀನಿ, ಹೋಗಾಕತ್ತೀನಿ, ಹೋಗಿದ್ನಿ, ಹೋಗಿರತೀನಿ, ಹಂಗ ಎಲ್ಲಾ ಬ್ಯಾರೆ ಬ್ಯಾರೆ. ಒಂದೂ ತಪ್ಪದಂಗ ಬರತಾವ ನನಗ. ಪೇಪರ್ನ್ಯಾಗೂ ಅವ ಬಂದಿದ್ವು. ಅರ್ಧಾ ಪೇಪರ್ ಬರದ ಮುಗಿಸಿದ್ನಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು ಧೂಳಪ್ಪನ ಬಾಳು. ಹೇಳಿಬಿಡಬೇಕು ಅಂತ ದಿನಾ ಬೆಳಿಗ್ಗೆ ಎದ್ದ, ದಿನಾ ಸಂಜೆ ಹೇಳದೆ ಮಲಗಿದ. ಊರಲ್ಲಿ ಹುಡುಗಿ ಬಾವಿಗೆ ಹೋದರೆ "ಕಾಪಿ ಅಕ್ಕಾ ಬಂದಳು" ಅನ್ನತೊಡಗಿದರು. ಗಿರಿಜವ್ವ ದಾರಿಯಲ್ಲಿ ಕಂಡರೂ ಮಾತಾಡಿಸದೆ ಹೋದಳು. ಅಕ್ಕುತಾಯಿ ತಿರುಗಿ ಪುಸ್ತಕ ಮುಟ್ಟಲಿಲ್ಲ. ಸಕ್ಕುಬಾಯಿ ಭೋಜಕ್ಕೆ ಹೂಂ ಅಂತ ಹೇಳಿ ಕಳಿಸಿದಳು.

ದೀಪಾವಳಿ ಮುಗಿದ ವಾರದಲ್ಲೇ ಗಂಡಿನವರು ಸಾಖರಪುಡಾ ಮಾಡಲು ಬಂದರು. ಈ ಕಡೆ ನಿಶ್ಚಯವೆಂದರೆ ಅದೇ, ಎರಡೂ ಮನೆಯವರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಿದರೆ ಮಾತು ಗಟ್ಟಿ. ಅಂಗಳದಲ್ಲಿ ಚಾಪೆ ಹಾಸಿತ್ತು, ಓಣಿಯ ಮಂದಿಯೆಲ್ಲ ಸೇರಿತ್ತು, ಅಣ್ಣಾಸಾಬನೂ ಬಂದು ಕೂತಿದ್ದ. ಹುಡುಗನ ಸೋದರಮಾವ ಮಾಯಪ್ಪ ನಗೆಗಾರ. ಅಕ್ಕುತಾಯಿ ಎಲೆ ಅಡಿಕೆ ತಟ್ಟೆ ಹಿಡಿದು ಬರುತ್ತಲೇ, "ಕಾಪಿ ಹೊಡದು ಸಿಕ್ಕಾಕಿ ಈಕೀನ ಹೌದಲ್ರಿ? ಇರಲಿ ಇರಲಿ, ಅಡಗಿ ಕಾಪಿ ಹೊಡೀದಿದ್ರ ಸಾಕು!" ಅಂದ. ಕೂತವರೆಲ್ಲ ಗೊಳ್ಳೆಂದರು.

ಆಗ ಧೂಳಪ್ಪ ಎದ್ದು ನಿಂತ. "ಆಕಿ ಕಾಪಿ ಹೊಡದಿಲ್ರಿ. ಚೀಟಿ ಒಗದಾಂವ ನಾನು. ಆಕಿಗೆ ಏನೂ ಗೊತ್ತಿಲ್ಲ. ನಾನ ಒಗದೀನಿ," ಅಂದ.

ಮಾಯಪ್ಪ, "ನಿಮಗ ಅಕ್ಷರಾ ಬರೂದಿಲ್ಲಲ್ರಿ, ಇಂಗ್ಲಿಷ್ ಚೀಟಿ ಎಲ್ಲಿಂದ ತಂದ್ರಿ?" ಅಂದ.

"ಈ ಅಣ್ಣಾಸಾಬ ಬರಕೊಟ್ಟ. ಕೇಳ್ರಿ ಅವನ್ನ!"

ಅಣ್ಣಾಸಾಬ ನೆಲ ನೋಡಿದ. "ನನ್ನ ಯಾಕ ಎಳೀತೀರಿ ಕಾಕಾ? ನಾ ಅವತ್ತ ಅಂಗಡ್ಯಾಗ ಇದ್ನಿ," ಅಂದ.

ಮಾಯಪ್ಪ ತೊಡೆ ತಟ್ಟಿದ. "ತಂದಿ ಅಂದ್ರ ಹಿಂಗಿರಬೇಕ ನೋಡ್ರಿ! ಮಗಳ ಮರ್ಯಾದಿ ಸಲುವಾಗಿ ಕಳ್ಳತನಾ ತನ್ನ ತಲಿಮ್ಯಾಲ ಹಾಕ್ಕೊಂಡ. ಇಂಥಾ ಬೀಗ ಸಿಗೂದು ನಮ್ಮ ನಸೀಬ." ಭೇಷ್ ಭೇಷ್ ಅಂತ ನಾಲ್ಕು ಮಂದಿ ತಲೆಯಾಡಿಸಿದರು.

ಅಕ್ಕುತಾಯಿ ತಟ್ಟೆ ಇಡುವ ನೆಪದಲ್ಲಿ ಅಪ್ಪನ ಕಿವಿಯ ಹತ್ತಿರ ಬಾಗಿದಳು. ಅವಳ ಕಣ್ಣು ತುಂಬಿದ್ದವು. "ನನ್ನ ಸಲುವಾಗಿ ಮಂದ್ಯಾಗ ಇಂಥಾ ಸುಳ್ಳ ಹೇಳಬ್ಯಾಡಪಾ," ಅಂದಳು. "ನೀ ಅಂಥಾಂವಲ್ಲ ಅಂತ ನನಗ ಗೊತ್ತಿಲ್ಲೇನ?"

ಅಲ್ಲಬೇ, ಖರೇನ ಅದು, ಅಂತ ಹೇಳಲು ಧೂಳಪ್ಪ ಬಾಯಿ ತೆರೆದ. ಮಾಯಪ್ಪ ನಗುತ್ತ ಅದರೊಳಗೆ ಒಂದು ಹಿಡಿ ಸಕ್ಕರೆ ಹಾಕಿದ.