ವಾಳೆಯ ಬಾಯಿಯ ಗಾಳ

ಕಮಲಾಪುರದ ಕೆರೆ ಏರಿಯ ಮೇಲೆ ಬಲೆ ಒಣಹಾಕುತ್ತಿದ್ದ ಮಲ್ಕಪ್ಪ, ದೌಲಪ್ಪ ಬರುವುದನ್ನು ಕಂಡು ದೂರದಿಂದಲೇ ಕೂಗಿದ.

“ನಿಮ್ಮ ವಾಳಿ ಮೀನು ಇನ್ನಾ ಸತ್ತಿಲ್ಲ ನೋಡ್ರಿ ಸಾವಕಾರ್ರ! ನಿನ್ನೆ ತೂಬಿನ ಹಂತ್ಯಾಕ ಮ್ಯಾಲ ಬಂದಿತ್ತು. ದವಡಿ ಮೂಲ್ಯಾಗ ನಿಮ್ಮ ಗಾಳದ ಕೆಂಪು ಪುಕ್ಕ ಹಂಗೇ ಅದ. ಬಾಯಿ ಪೂರಾ ಮುಚ್ಚವಲ್ತು. ಸಣ್ಣ ಮೀನಿಗೆ ಬಾಯಿ ಹಾಕ್ತದ, ಹಿಡಿದದ್ದು ಜಾರಿ ಹೋಗ್ತದ.”

ದೌಲಪ್ಪ ನಿಂತಲ್ಲೇ ನಿಂತ. “ಉಪವಾಸ ಅದ ಅಂತೀಯೇನು?”

“ಮತ್ತೇನ್ರೀ. ಇನ್ನೊಂದು ಹತ್ತು ದಿನ ತಾಳೀತು.”

“ಬಲಿ ಹಾಕಿ ಹಿಡೀಲಿಕ್ಕೆ ಬರಂಗಿಲ್ಲೇನು?”

“ತೂಬಿನ ಕಲ್ಲಿನ ಸಂದ್ಯಾಗ ಇರ್ತದ ಅದು. ಅಲ್ಲಿ ಬಲಿ ಹಾಕಿದ್ರ ನನ್ನ ಬಲಿನೇ ಹೋಗ್ತದ.” ಮಲ್ಕಪ್ಪ ನಕ್ಕ. “ನೀವು ಆಟ ಆಡ್ತೀರಿ, ನಾವು ತಿಂತೀವಿ. ನಮ್ಮ ಕೈಗೆ ಸಿಕ್ಕಿದ್ದು ಅರ್ಧ ತಾಸಿನ್ಯಾಗ ಸಾಯ್ತದ ನೋಡ್ರಿ.”

ಅವನು ಕುಹಕಕ್ಕೆ ಆಡಿದ ಮಾತಲ್ಲ ಅದು. ಅದಕ್ಕೇ ದೌಲಪ್ಪನಿಗೆ ನೇರ ಎದೆಗೆ ನಾಟಿತು. ಆ ದಿನ ಅವನು ಗಾಳ ಬಿಚ್ಚಲೇ ಇಲ್ಲ. ಮುಂದಿನ ಬಸ್ಸಿಗೇ ಕಲಬುರಗಿಗೆ ತಿರುಗಿದ.

ದೌಲಪ್ಪ ನಂದೂರಿನ ದಾಲ್ ಮಿಲ್ಲೊಂದರಲ್ಲಿ ಸೂಪರ್‌ವೈಜರ್. ಮನೆ ಬ್ರಹ್ಮಪುರದಲ್ಲಿ. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಮೊಟ್ಟೆಯ ಸಿಪ್ಪೆ ಕೂಡ ಆ ಹೊಸ್ತಿಲು ದಾಟಿದ್ದಿಲ್ಲ. ಅಂಥ ಮನೆಯ ಮಗ ಎರಡು ವರ್ಷದಿಂದ, ಅಂದರೆ ತೊಂಬತ್ತೆರಡನೆಯ ಇಸವಿಯಿಂದ, ಭಾನುವಾರ ಬಂತೆಂದರೆ ಮೀನು ಹಿಡಿಯಲು ಹೋಗುತ್ತಿದ್ದ. ಹುಚ್ಚು ಹಿಡಿಸಿದವರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಬುರ್ಹಾನುದ್ದೀನ್ ಸಾಹೇಬರು. ಎರೆಹುಳ ಚುಚ್ಚಿ ಕಾಯುತ್ತ ಕೂರುವ ಗಾಳವಲ್ಲ ಅವರದು. ಹುಂಜದ ಪುಕ್ಕವನ್ನು ಗಾಳಕ್ಕೆ ಸುತ್ತಿ ಕಟ್ಟಿ, ಹುರಿಯಂಥ ದಪ್ಪ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ಹಕ್ಕಿ ಇಳಿದಂತೆ ನೀರಿನ ಮೇಲೆ ಇಳಿಸುವ ವಿದ್ಯೆ. ಹಿಡಿದ ಪ್ರತಿಯೊಂದು ಮೀನನ್ನೂ ದೌಲಪ್ಪ ನೀರಿಗೇ ಬಿಡುತ್ತಿದ್ದ. ಬಿಡುತ್ತೇನಲ್ಲ, ಪಾಪವೆಲ್ಲಿಂದ ಬಂತು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಮನೆಯಲ್ಲಿ ಮಾತ್ರ, ಮಿಲ್ಲಿನ ಕೆಲಸಕ್ಕೆ ಕಮಲಾಪುರದ ಕಡೆ ತೊಗರಿ ಬೆಳೆ ನೋಡಲು ಹೋಗುತ್ತೇನೆ ಎನ್ನುತ್ತಿದ್ದ.

ಮೂರು ವಾರದ ಹಿಂದೆ ಆ ವಾಳೆ ಅವನ ಗಾಳಕ್ಕೆ ಬಿದ್ದಿತ್ತು. ಉದ್ದಕ್ಕೆ, ಚಪ್ಪಟೆಗೆ, ಮಚ್ಚಿನ ಅಲಗಿನಂಥ ಮೀನು. ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ, ಒಳಗೆ ಸಾಲುಸಾಲು ಸೂಜಿ ಹಲ್ಲು. ಗಾಳಕ್ಕೂ ದಾರಕ್ಕೂ ನಡುವೆ ಕಟ್ಟುವ ತುಂಡಿಗೆ ಲೀಡರ್ ಅನ್ನುತ್ತಾರೆ. ಹಲ್ಲಿನ ಮೀನಿಗೆ ತಂತಿಯ ಲೀಡರೇ ಬೇಕೆಂದು ಸಾಹೇಬರು ಹೇಳಿದ್ದರು. ತಂತಿ ಕಟ್ಟಿದರೆ ಪುಕ್ಕ ನೀರಿನಲ್ಲಿ ಚೆಂದ ಆಡುವುದಿಲ್ಲವೆಂದು ದೌಲಪ್ಪ ತೆಳುವಾದ ನೈಲಾನ್ ತಂಗೂಸಿ ಕಟ್ಟಿದ್ದ. ವಾಳೆ ಎರಡೇ ಸಲ ತಲೆ ಕೊಡವಿತು. ತಂಗೂಸಿ ಕಚಕ್ಕೆಂದು ಹರಿಯಿತು.

ಈ ಭಾನುವಾರ ಬಸ್ಸಿಳಿದು ನೇರ ತಮ್ಮ ಮನೆಗೆ ಬಂದ ದೌಲಪ್ಪ ಹೇಳಿದ್ದನ್ನೆಲ್ಲ ಬುರ್ಹಾನುದ್ದೀನ್ ಸಾಹೇಬರು ಪಡಸಾಲೆಯಲ್ಲಿ ಕೂತು ಕೇಳಿದರು. ಬೈಯಲಿಲ್ಲ. ಒಳಗಿನಿಂದ ಒಂದು ಹಳೆಯ ಇಂಗ್ಲಿಷ್ ಪುಸ್ತಕ ತಂದು, ಉದ್ದ ಮೂತಿಯ ಮೀನಿನ ಚಿತ್ರವಿದ್ದ ಹಾಳೆ ತೆರೆದಿಟ್ಟರು.

“ಇದಕ್ಕ ಪೈಕ್ ಅಂತಾರ. ಥಂಡಿ ಮುಲ್ಕಿನ ಮೀನು. ಹಲ್ಲು, ಹಸಿವು, ಸಿಟ್ಟು ಎಲ್ಲಾ ನಮ್ಮ ವಾಳಿದೇ. ಇಲ್ಲಿ ಏನ್ ಬರ್ದಾನ ನೋಡು ಬೇಟಾ. ತಂತಿ ಕಟ್ಟೋದು ಮೀನ ಗೆಲ್ಲಾಕ ಅಲ್ಲ, ಅದರ ಬಾಯಾಗ ನಿನ್ನ ಕಬ್ಬಿಣ ಉಳೀಬಾರ್ದು ಅಂತ.”

ದೌಲಪ್ಪ ತಲೆ ತಗ್ಗಿಸಿದ. “ಅದನ್ನ ಮತ್ತೆ ಹಿಡೀಬೇಕ್ರಿ. ಹಿಡಿದು ತೆಗೀಬೇಕು.”

ಸಾಹೇಬರು ಗೋಡೆಗೆ ಒರಗಿಸಿದ್ದ ಎರಡು ಗಾಳದ ಕೋಲು ತಂದರು. ಒಂದು ಸೀಳುಬಿದಿರಿನದು, ದೌಲಪ್ಪನ ಪ್ರೀತಿಯದು; ಬೀಸಿದರೆ ಬಳ್ಳಿಯಂತೆ ಬಾಗುತ್ತಿತ್ತು. ಇನ್ನೊಂದು ಫೈಬರಿನದು, ದಪ್ಪ, ಬಿರುಸು. ಒಂದು ತಾಸು ಬೀಸಿದರೆ ಭುಜ ಕಳಚಿ ಬರುವಂಥದ್ದು. ಬಿದಿರಿನದಕ್ಕೆ ಕೈಚಾಚಿದ ದೌಲಪ್ಪನನ್ನು ಅವರು ತಡೆದರು.

“ಇದು ಬಾಗ್ತದ, ಮೀನ ಓಡ್ತದ, ಅರ್ಧ ತಾಸು ಆಟ ನಡೀತದ. ಉಪವಾಸ ಇದ್ದ ಜೀವ ಆ ಆಟದಾಗೇ ಸಾಯ್ತದ. ಬಾಯಿ ಮುಚ್ಚಲಾರದ ಮೀನು, ಪುಕ್ಕ ಮುಟ್ಟಿದ ಕ್ಷಣಕ್ಕ ಜಗ್ಗಬೇಕು. ಬಿರುಸಿನ ಕೋಲು ಬೇಕು. ಐದು ನಿಮಿಷದಾಗ ದಂಡಿಗೆ ತರಬೇಕು.”

ಮರುದಿನ ಮಿಲ್ಲಿನಿಂದ ಹೊರಟವನು ಲೀಡರಿಗೆ ತಂತಿ ಹುಡುಕುತ್ತ ಪರಿಚಯದ ಮಕ್ಸೂದನ ಸೈಕಲ್ ಅಂಗಡಿಗೆ ಹೋದ. ಮೊದಲು ಸಿತಾರದ ತಂತಿ ನೋಡಿದರು. ತೆಳುವಾಗಿತ್ತು, ಆದರೆ ಒಂದು ಸಲ ಮಡಿಕೆ ಬಿದ್ದರೆ ಆ ಮಡಿಕೆಯಲ್ಲೇ ಪಟ್ಟನೆ ಮುರಿಯಿತು. ಬ್ರೇಕ್ ವೈರ್ ಇಡಿಯಾಗಿ ಕಟ್ಟಿದರೆ ಸಲಾಕೆಯಂತೆ ನಿಲ್ಲುತ್ತಿತ್ತು. ಕೊನೆಗೆ ಮಕ್ಸೂದ್ ಆ ವೈರನ್ನೇ ಬಿಚ್ಚಿ, ಮೂರು ಎಳೆ ತೆಗೆದು, ಮತ್ತೆ ಹೊಸೆದ. ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ದೌಲಪ್ಪ ಅಂಗೈಗೆ ಬಟ್ಟೆ ಸುತ್ತಿಕೊಂಡು ಜಗ್ಗಿದ. ಮಕ್ಸೂದ್ ಗರಗಸದ ಬ್ಲೇಡಿನಿಂದ ತಂತಿಯನ್ನು ಉಜ್ಜಿದ. ಒಂದು ಎಳೆ ಮಿಂಚಿತು, ಹರಿಯಲಿಲ್ಲ.

“ಆನಿ ಹಿಡೀತೀರೇನ್ ದೌಲಪ್ಪ ಭಾಯ್?”

“ಈ ಗಾಳದ ಮುಳ್ಳಿನ ಕೊಕ್ಕಿ ಅದಲ್ಲ, ಅದನ್ನ ಬಡಿದು ಚಪ್ಪಟಿ ಮಾಡು.”

“ಮಾಡಿದ್ರ ಮೀನ ತಪ್ಪಿಸ್ಕೋತದ.”

“ಮುಳ್ಳು ಸಲೀಸ ಹೊರಗ ಬರಬೇಕು. ಮಾಡು ಮಾರಾಯಾ.”

ಶನಿವಾರ ಸಂಜೆ ಮನೆಗೆ ಬಂದಾಗ ಹೆಂಡತಿ ಜಯದೇವಿ, ಅವನು ಅಟ್ಟದ ಮೇಲೆ ಬಚ್ಚಿಟ್ಟಿದ್ದ ತಗಡಿನ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತಿದ್ದಳು. ಮುಚ್ಚಳ ತೆರೆದಿತ್ತು. ಕರಿ ಹುಂಜದ ಪುಕ್ಕ, ಕೆಂಪು ದಾರ, ಮುಳ್ಳು, ಮೇಣ. ಅವಳ ಮುಖ ಬಿಳಿಚಿಕೊಂಡಿತ್ತು. ಒಳಗೆ ಅವ್ವ ಅಂಬಮ್ಮನ ಪೂಜೆಯ ಗಂಟೆ ಕೇಳಿಸುತ್ತಿತ್ತು.

“ಯಾರ ಮ್ಯಾಲ ಮಾಟ ಮಾಡ್ಸಾಕತ್ತೀರಿ?” ಎಂದು ಕೇಳಿದಳು. “ಖರೇ ಹೇಳ್ರಿ. ನನ್ನ ಮ್ಯಾಲೇನು?”

“ಏ ಹುಚ್ಚಿ, ಮಾಟ ಅಲ್ಲ ಇದು.”

“ಮತ್ತೇನಿದು?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆರು ದಿನದಿಂದ ಕಣ್ಣು ಮುಚ್ಚಿದರೆ ಆ ಮುಚ್ಚದ ಬಾಯಿ ಕಾಣುತ್ತಿತ್ತು ಅವನಿಗೆ. ಕೂತು, ದನಿ ತಗ್ಗಿಸಿ, ಮೊದಲಿನಿಂದ ಕೊನೆಯವರೆಗೂ ಹೇಳಿಬಿಟ್ಟ. ಗಂಟೆ ನಿಂತಿತು. ಇಬ್ಬರೂ ದೇವರ ಕೋಣೆಯ ಬಾಗಿಲ ಕಡೆ ನೋಡಿದರು. ಅವ್ವ ಹೊರಗೆ ಬರಲಿಲ್ಲ.

“ಮಾಟ ಆಗಿದ್ರ ಛಲೋ ಇತ್ತು,” ಎಂದಳು ಜಯದೇವಿ. “ಬಿಟ್ಟು ಬರ್ತೀನಿ, ಬಿಟ್ಟು ಬರ್ತೀನಿ ಅಂತೀರಿ. ಮುಳ್ಳು ಹಾಕಿ ಬಿಟ್ಟು ಬಂದೀರಿ.”

“ಅದನ್ನ ತೆಗೀಲಿಕ್ಕೇ ನಾಳೆ ಹೊಂಟೀನಿ.”

ಅವಳು ಪುಕ್ಕಗಳನ್ನು ಮುಟ್ಟದೆ, ಸೆರಗಿನ ತುದಿಯಿಂದ ಮುಚ್ಚಳ ಹಾಕಿದಳು. “ನಾನೂ ಬರ್ತೀನಿ. ಕಣ್ಣಿಲೆ ನೋಡಿದ್ರೇ ನಂಬೋದು.”

ಬೆಳಗಿನ ಒಂಬತ್ತಕ್ಕೆ ಕೆರೆಯ ನೀರು ಅಲುಗದೆ ನಿಂತಿತ್ತು. ಜಯದೇವಿ ಏರಿಯ ಕಲ್ಲಿನ ಮೇಲೆ ನಿಂತಳು. ಮಲ್ಕಪ್ಪ ಬುಟ್ಟಿ ಹಿಡಿದುಕೊಂಡು ಬಂದು, “ಬಂದ್ರ್ಯಾ ಅಕ್ಕವ್ರ,” ಎಂದವನೇ ಸುಮ್ಮನೆ ಕುಕ್ಕರುಗಾಲಲ್ಲಿ ಕೂತ. ಕೆರೆಯ ಮೀನಿನ ಹಕ್ಕು ಅವನದು. ಆ ಬುಟ್ಟಿ ಯಾಕೆಂದು ದೌಲಪ್ಪನಿಗೆ ಗೊತ್ತಿತ್ತು.

ಧೋತರ ಎತ್ತಿ ಕಟ್ಟಿ ತೊಡೆಮಟ್ಟದ ನೀರಿಗಿಳಿದ. ಪಾಚಿಯ ಕಲ್ಲು ಜಾರುತ್ತಿತ್ತು. ಬಿರುಸಿನ ಕೋಲು ಬೀಸಿ, ತೂಬಿನ ಕಲ್ಲಿನಿಂದ ಒಂದು ಮಾರು ಈಚೆಗೆ ಪುಕ್ಕ ಇಳಿಸಿದ. ಎಳೆದ. ಏನೂ ಇಲ್ಲ. ಮತ್ತೆ ಬೀಸಿದ. ಇಪ್ಪತ್ತು ಸಲ, ಮೂವತ್ತು ಸಲ. ಭುಜ ಉರಿಯತೊಡಗಿತು. ಸತ್ತೇ ಹೋಯಿತೇನೋ ಎಂಬ ಯೋಚನೆ ಬಂದು, ಕೈ ಒಂದು ಕ್ಷಣ ಸಡಿಲಾಯಿತು.

ಆಗಲೇ ನೀರಿನಡಿ ಹಳದಿ ನೆರಳೊಂದು ಹೊರಳಿತು.

ದೌಲಪ್ಪ ಜಗ್ಗಿದ. ಕೋಲು ಬುಡದವರೆಗೂ ಮಿಡಿಯಿತು. ದಾರ ಬೆರಳ ಚರ್ಮ ಸುಲಿಯುತ್ತ ಓಡಿತು. ವಾಳೆ ನೇರ ತೂಬಿನ ಕಲ್ಲಿನ ಕಡೆಗೇ ಹೊರಟಿತ್ತು. ಅಲ್ಲಿ ಹೊಕ್ಕರೆ ಎರಡನೆಯ ಗಾಳವೂ ಅದರ ಬಾಯಲ್ಲೇ ಉಳಿಯುತ್ತದೆ. ಅವನು ದಾರವನ್ನು ಮುಷ್ಟಿಯಲ್ಲಿ ಕಚ್ಚಿ ಹಿಡಿದು, ಕೋಲನ್ನು ಅಡ್ಡ ಮಲಗಿಸಿ, ಹಿಂದಕ್ಕೆ ವಾಲಿದ. ಕಲ್ಲಿಗೆ ತಂತಿ ಉಜ್ಜುವ ಕರಕರ ಕೋಲಿನ ಮೂಲಕ ಅವನ ಹಲ್ಲಿನವರೆಗೂ ಬಂತು. ತಂಗೂಸಿಯಾಗಿದ್ದರೆ ಇಷ್ಟು ಹೊತ್ತಿಗೆ ಕಥೆ ಮುಗಿದಿರುತ್ತಿತ್ತು.

“ಕಾಲ! ಕಾಲ ಹುಷಾರ್!” ಮಲ್ಕಪ್ಪ ಕೂಗಿದ.

ಕಾಲು ಜಾರಿತು. ನೀರು ಎದೆಗೇರಿತು. ಬೀಳುವ ಮೊದಲೇ ಹಿಂದಿನಿಂದ ಯಾರೋ ಅಂಗಿಯ ಕಾಲರು ಹಿಡಿದು ಎಳೆದರು. ಜಯದೇವಿ ಸೀರೆಯುಟ್ಟಂತೆಯೇ ತೊಡೆಮಟ್ಟದ ನೀರಿಗೆ ಇಳಿದು ಬಂದಿದ್ದಳು.

“ಬಿಡಬ್ಯಾಡ್ರಿ!” ಎಂದಳು. ಅಂದದ್ದು ಕೋಲನ್ನೋ ಮೀನನ್ನೋ ಅವಳಿಗೂ ತಿಳಿದಿರಲಿಕ್ಕಿಲ್ಲ.

ಮೀನು ತಿರುಗಿತು. ದೌಲಪ್ಪ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು ದಂಡೆಯ ತೆಳುನೀರಿಗೆ ಬಂದ. ಈಗ ಎರಡೂ ಕೈ ಬೇಕಿತ್ತು. ಕೋಲನ್ನು ಹೆಂಡತಿಯ ಕೈಗೆ ಕೊಟ್ಟು ಮೀನಿನ ಕಡೆ ಬಾಗಿದ. ಅದೇ ಹೊತ್ತಿಗೆ ವಾಳೆ ಕೊನೆಯ ಸಲ ಬಾಲ ಬಡಿದು ಧಾವಿಸಿತು. ಜಯದೇವಿಯ ಬಳೆ ಎರಡು ಒಡೆದವು. ಹಲ್ಲು ಕಚ್ಚಿ ನಿಂತಳು, ಬಿಡಲಿಲ್ಲ. ಮೀನು ಪಕ್ಕಕ್ಕೆ ವಾಲಿತು.

ಕಿವಿರಿನ ಹಿಂದೆ ಒದ್ದೆ ಬಟ್ಟೆಯಿಂದ ಹಿಡಿದು ದೌಲಪ್ಪ ಸೊಂಟದಲ್ಲಿದ್ದ ಇಕ್ಕಳವನ್ನು ಅದರ ಬಾಯೊಳಗೆ ತೂರಿಸಿದ. ಹೊಸ ಗಾಳ ಸರಕ್ಕನೆ ಬಂತು. ಹಳೆಯದು ದವಡೆಯ ಕೀಲಿನಲ್ಲಿ ತುಕ್ಕು ಹಿಡಿದು, ಬಾತ ಮಾಂಸದಲ್ಲಿ ಹೂತಿತ್ತು. ಹಿಂದಕ್ಕೆ ಎಳೆದರೆ ಕೊಕ್ಕೆ ಮಾಂಸವನ್ನು ಹರಿಯುತ್ತದೆ. ಮುಂದಕ್ಕೆ ದೂಡಿದ. ಸೂಜಿ ಹಲ್ಲು ಹೆಬ್ಬೆರಳು ಸೀಳಿತು. ಮುಳ್ಳಿನ ತುದಿ ಹೊರಗೆ ಇಣುಕಿತು, ಇಕ್ಕಳದಿಂದ ಕತ್ತರಿಸಿದ. ಉಳಿದ ಭಾಗವನ್ನು ತಿರುಗಿಸುತ್ತ, ತಿರುಗಿಸುತ್ತ ಹೊರಗೆ ಜಗ್ಗಿದ. ಕಿವಿರು ಆಡುವುದು ನಿಧಾನವಾಗುತ್ತಿತ್ತು.

“ಲಗೂ ಮಾಡ್ರಿ,” ಎಂದಳು ಜಯದೇವಿ. “ಅಯ್ಯ, ಲಗೂ ಮಾಡ್ರಿ.”

ಗಾಳ ಬಂತು. ಬಣ್ಣಗೆಟ್ಟ ಪುಕ್ಕದ ಎರಡು ಎಳೆ ಅದಕ್ಕಂಟಿದ್ದವು.

ಮೀನನ್ನು ನೀರಿನಲ್ಲಿ ನೇರ ಹಿಡಿದು ದೌಲಪ್ಪ ಮಂಡಿಯೂರಿದ. ಅದು ಅಲುಗಲಿಲ್ಲ. ಮಲ್ಕಪ್ಪ ಬುಟ್ಟಿ ತಂದು ಪಕ್ಕದಲ್ಲಿಟ್ಟ. ಕೇಳಿದರೆ ಕೊಡದೆ ಇರುವ ಅಧಿಕಾರ ದೌಲಪ್ಪನಿಗೆ ಇರಲಿಲ್ಲ. ಮಲ್ಕಪ್ಪ ಬಾಗಿ ಮೀನಿನ ಹೊಟ್ಟೆಯನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿದ.

“ತಲಿ ಒಂದೇ ಉಳದದ. ಹೊಟ್ಟಿ ಬೆನ್ನಿಗೆ ಹತ್ಯದ. ಇದನ್ನ ಯಾರ್ ತಿಂತಾರ?” ಬುಟ್ಟಿ ಎತ್ತಿಕೊಂಡು ಏರಿ ಹತ್ತಿ ಹೋದ. ತಿರುಗಿ ನೋಡಲಿಲ್ಲ.

ಸುಮಾರು ಹೊತ್ತಿನ ಮೇಲೆ ಕಿವಿರು ಒಂದು ಸಲ ತೆರೆಯಿತು, ಮುಚ್ಚಿತು. ಮತ್ತೊಂದು ಸಲ. ದೌಲಪ್ಪ ಬೆರಳು ಸಡಿಲಿಸಿದ. ವಾಳೆ ಅಲ್ಲೇ ನಿಂತಿತು. ಆಮೇಲೆ, ಅವಸರವಿಲ್ಲದೆ, ಆಳದ ಕಡೆಗೆ ಜಾರಿಹೋಯಿತು.

ಬಸ್ಸಿನಲ್ಲಿ ಜಯದೇವಿ ಒದ್ದೆ ಸೀರೆ ಹಿಂಡಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

“ಸಿಟ್ಟ ಬಂದದೇನು?” ದೌಲಪ್ಪ ಕೇಳಿದ.

“ಸಿಟ್ಟಲ್ಲ.” ಅವಳು ತನ್ನ ಅಂಗೈ ನೋಡಿಕೊಂಡಳು. “ಕೋಲು ನನ್ನ ಕೈಯಾಗ ಕೊಟ್ರಲ್ಲ, ಅವಾಗ ಅದು ಜಗ್ತು. ಎದಕ್ಕ ಬಂದೀವಿ ಅನ್ನೋದೇ ಮರತೆ. ನನಗ ಛಲೋ ಅನಸ್ತು ನೋಡ್ರಿ. ಅದಕ್ಕೇ ಅಂಜಿಕಿ ಬಂದದ.”

ಎರಡು ವರ್ಷದಿಂದ ದೌಲಪ್ಪ ಯಾರಿಗೂ ಹೇಳಲಾರದೆ ಇದ್ದದ್ದನ್ನು ಅವಳು ಒಂದೇ ದಿನದಲ್ಲಿ ಹೇಳಿಬಿಟ್ಟಿದ್ದಳು.

“ಅತ್ತಿಯವ್ರಿಗೆ ನೀವೇ ಹೇಳ್ರಿ, ಇವತ್ತ,” ಎಂದಳು. “ಕೇಳಿದ್ರ ನಾ ಸುಳ್ಳ ಹೇಳಂಗಿಲ್ಲ.”

ಹೇಳಿದ. ಅಂಬಮ್ಮ ಬೆಂಡೆಕಾಯಿ ಹೆಚ್ಚುತ್ತ ಎಲ್ಲವನ್ನೂ ಕೇಳಿದಳು. “ಜಳಕ ಮಾಡಿ ಬಾ, ಹೋಗು,” ಎಂದಳು, ಅಷ್ಟೇ. ಆಮೇಲೆ ಮೂರು ದಿನ ಮಗನ ಜೊತೆ ಮಾತು ಬಿಟ್ಟಳು. ತಟ್ಟೆಗೆ ರೊಟ್ಟಿ ಹಾಕುವಾಗಲೂ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಅವನು ಮಿಲ್ಲಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದು ನಿಂತಳು.

“ಆ ಮೀನ ಬದುಕ್ತೇನೋ?”

“ಗೊತ್ತಿಲ್ಲವ್ವ,” ಎಂದ ದೌಲಪ್ಪ.

“ಹೋಗಿ ನೋಡ್ಕೊಂಡು ಬಾ,” ಎಂದಳು ಅಂಬಮ್ಮ. “ಕೋಲು ಒಯ್ಯಬ್ಯಾಡ.”