ಕಚ್ಚಿಟ್ಟ ರೊಟ್ಟಿ, ಸುಣ್ಣ ಬಳಿಯದ ಗೋಡೆ

ಮನೆಗೆ ಯಾರೋ ಬರುತ್ತಾರೆಂದರೆ ಯಾವ ಹೆಂಗಸು ಸುಮ್ಮನೆ ಕೂತಾಳು? ಕಿರ್ಗಿಜರ ನಾಡಿನ ಓಶ್ ಪಟ್ಟಣದ ಅಂಚಿನ ಉಜ್ಬೆಕರ ಕೇರಿಯಲ್ಲಿ ಆ ಬೆಳಿಗ್ಗೆ ಎಲ್ಲರ ಕೈಯಲ್ಲೂ ಪೊರಕೆ. ಕಿರ್ಗಿಜರಿಗೂ ಉಜ್ಬೆಕರಿಗೂ ನಡೆದ ಗಲಭೆಯಲ್ಲಿ ಅರ್ಧ ಕೇರಿ ಸುಟ್ಟುಹೋಗಿತ್ತು. ಆದರೂ ಹೊರದೇಶಗಳಿಂದ ಮಾನವ ಹಕ್ಕುಗಳ ವೀಕ್ಷಕರು ಬರುತ್ತಾರಂತೆ ಎಂದು ಸುದ್ದಿ ಬಂದದ್ದೇ ತಡ, ಬೂದಿ ಗುಡಿಸಿ, ನೀರು ಚಿಮುಕಿಸಿ, ಅಂಗಳ ಅಣಿ ಮಾಡಿದರು. ಬಂದವರಿಗೆ ಕೊಳಕು ತೋರಿಸುವುದೆಂದರೆ ಆ ಜನಕ್ಕೆ ದೊಡ್ಡ ಅವಮಾನ.

ಅದೇ ಕೇರಿಯ ಸಲೋಮತ್ ಎಂಬಾಕೆ ಸುಣ್ಣವನ್ನೇ ಕಲಸಿದ್ದಳು. ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಗುಂಡಿನ ತೂತುಗಳಿಗೆ ಮಣ್ಣು ಮೆತ್ತಿ, ಕುಂಚ ಎತ್ತಿದ್ದಳಷ್ಟೆ. ಸುಡದೆ ಉಳಿದ ಒಂದೇ ಕೋಣೆಯಲ್ಲಿ ಮೊಳೆಗೆ ಒಂದು ರೊಟ್ಟಿ ನೇತಾಡುತ್ತಿತ್ತು. ಅದರ ಅಂಚಿನಲ್ಲಿ ಒಂದು ತುತ್ತು ಕಚ್ಚಿದ ಗುರುತು. ದೂರ ಹೊರಟವರು ಹೀಗೆ ಕಚ್ಚಿ ಹೋಗಬೇಕು, ಉಳಿದದ್ದನ್ನು ಅವರೇ ಬಂದು ತಿನ್ನಬೇಕು ಎಂಬುದು ಆ ಜನರ ವಾಡಿಕೆ. ಎದೆಯ ಮೇಲೆ ಹೆಸರಿಲ್ಲದ ಸಮವಸ್ತ್ರದವರು ಮಗ ಜಫರ್‌ನನ್ನು ಎಳೆದೊಯ್ಯುವಾಗ ಅವಳು ಹಿಂದೆ ಓಡಿ ಈ ರೊಟ್ಟಿಯನ್ನು ಅವನ ಬಾಯಿಗೆ ಹಿಡಿದಿದ್ದಳು. ಆಮೇಲೆ ಅವನ ಸುಳಿವಿಲ್ಲ. ಎಲ್ಲಿ ಹೋಗಿ ಕೇಳಿದರೂ "ಇಲ್ಲಿಲ್ಲ" ಎಂಬುದೊಂದೇ ಉತ್ತರ.

"ಅಕ್ಕಾ, ನಿಲ್ಸು! ಏನ್ ಮಾಡ್ತಿದ್ದೀಯ?" ಕನಿಕೆಯ್ ಓಡಿಬಂದು ಕುಂಚ ಕಿತ್ತುಕೊಂಡಳು. ಕಾಲುವೆಯಾಚೆಯ ಕಿರ್ಗಿಜ್ ಹೆಂಗಸು ಅವಳು, ಶಾಲೆಯ ಟೀಚರು. ಗಲಭೆಯಲ್ಲಿ ಸಲೋಮತಳ ಸೊಸೆಯನ್ನು ತನ್ನ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದವಳು. ಈಗ ವೀಕ್ಷಕರಿಗೆ ದುಭಾಷಿಯಾಗಿ ಓಡಾಡುತ್ತಿದ್ದಳು.

"ಬರೋರಿಗೆ ಮಸಿ ಹಿಡಿದ ಗೋಡೆ ತೋರಿಸ್ಲಾ? ನಂಗೂ ಮಾನ ಮರ್ಯಾದೆ ಇದೆ."

"ಮಾನ ಹೋಗಿರೋದು ಸುಟ್ಟೋರದ್ದು, ನಿಂದಲ್ಲ. ಅವರು ಊಟಕ್ಕೆ ಬರ್ತಿಲ್ಲ ಕಣಕ್ಕಾ, ಏನಾಯ್ತು ಅಂತ ನೋಡೋಕೆ ಬರ್ತಿದ್ದಾರೆ. ಗೋಡೆ ಬಾಯಿನೇ ಮುಚ್ಚಿಸಿದ್ರೆ ಏನು ನೋಡ್ತಾರೆ?"

"ನೋಡಿ ಏನು ಕಡಿದು ಕಟ್ಟೆ ಹಾಕ್ತಾರೆ? ಬಿಳಿ ಕಾರಲ್ಲಿ ಬರ್ತಾರೆ, ಚಹಾ ಕುಡೀತಾರೆ, ಹೋಗ್ತಾರೆ. ಇಲ್ಲಿರಬೇಕಾದೋಳು ನಾನು. ನಾನು ಬಾಯಿ ಬಿಟ್ಟಿದ್ದಕ್ಕೆ ಮಗನ್ನ ಇನ್ನಷ್ಟು ಹೊಡೆದ್ರೆ?"

ಕನಿಕೆಯ್ ಕುಂಚವನ್ನು ಕೆಳಗಿಟ್ಟಳು. ಆ ಭಯ ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು.

"ಅವರ ಹತ್ರ ಜೈಲಿನ ಬೀಗದ ಕೈ ಇಲ್ಲ, ನಿಜ. ಆದ್ರೆ ಒಳಗೆ ಹೋಗಿ 'ಈ ಹುಡುಗ ಎಲ್ಲಿ?' ಅಂತ ಕೇಳ್ತಾರೆ. ನೀನು ಕೇಳಿದ್ರೆ ಬಾಗಿಲು ಹಾಕ್ತಾರೆ. ಲೋಕವೇ ನಿಂತು ಕೇಳಿದ್ರೆ ಅಷ್ಟು ಸುಲಭಕ್ಕೆ ಹಾಕೋಕಾಗಲ್ಲ. ಹೆಸರು ಹೊರಗೆ ಬರಬಾರ್ದು ಅಂದ್ರೆ ಮೊದಲೇ ಹೇಳು, ಗುಟ್ಟಾಗಿಡ್ತಾರೆ. ಬೇಡ ಅನ್ನಿಸಿದ್ರೆ ಮಾತಾಡಲೇಬೇಡ. ಮಾತಾಡಿದ್ರೆ ಮಾತ್ರ ಕಂಡಿದ್ದನ್ನ ಕಂಡೆ ಅನ್ನು, ಕೇಳಿದ್ದನ್ನ ಕೇಳಿದೆ ಅನ್ನು. ಒಂದಕ್ಕೆರಡು ಸೇರಿಸ್ಬೇಡ."

"ನಿಮ್ಮೋರ ಮೇಲೆ ದೂರು ಹೇಳು ಅಂತ ನೀನೇ ಬಂದಿದ್ದೀಯಲ್ಲೇ!"

"ನಮ್ಮೋರು ನಿಮ್ಮೋರು ಅಂದೇ ಈ ಗತಿ ಬಂದಿದ್ದು. ನನ್ನ ತಮ್ಮನ ಮನೇನೂ ಉರೀತು. ಅವನ ಮಾತನ್ನೂ ಬರ್ಕೊಂಡಿದ್ದಾರೆ. ಎರಡೂ ಕಡೆ ಅಳು ಕೇಳ್ದೆ ಇದ್ರೆ ಅದೆಂಥ ನ್ಯಾಯ?"

ಸಲೋಮತ್ ಒಳಗಿನ ರೊಟ್ಟಿಯ ಕಡೆ ನೋಡಿದಳು. ಆಮೇಲೆ ಗೋಡೆಗೆ ಮೆತ್ತಿದ್ದ ಹಸಿ ಮಣ್ಣನ್ನು ಬೆರಳಿನಿಂದಲೇ ಕೆರೆದು ತೆಗೆದಳು.

ಮಧ್ಯಾಹ್ನ ವೀಕ್ಷಕರು ಬಂದರು. ಅವಳು ಎಲ್ಲವನ್ನೂ ಹೇಳಿದಳು, ಮಣ್ಣು ಮೆತ್ತಿದ್ದು ತಾನೇ ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ತೂತುಗಳ ಫೋಟೊ ತೆಗೆದರು, ಚಹಾ ಕುಡಿದರು, ಯಾವ ಭರವಸೆಯನ್ನೂ ಕೊಡದೆ ಹೊರಟರು.

"ನೋಡಿದ್ಯಾ?" ಎಂದಳು ಸಲೋಮತ್. ಕನಿಕೆಯ್ ಖಾಲಿ ಚಹಾ ಬಟ್ಟಲುಗಳನ್ನು ಎತ್ತಿಟ್ಟಳು.

ಚಪ್ಪರದ ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಬಿಳಿ ಕಾರು ಮತ್ತೆ ಬಂತು. ವೀಕ್ಷಕಿಯೊಬ್ಬಳು ಹೇಳಿದ್ದನ್ನು ಕನಿಕೆಯ್ ತಿಳಿಸಿದಳು: "ಜಫರ್ ಸಿಕ್ಕಿದಾನೆ ಅಕ್ಕಾ. ಜೈಲಲ್ಲಿದಾನೆ. ಪಕ್ಕೆಲುಬು ಮುರಿದಿದೆ, ಆದ್ರೆ ಬದುಕಿದಾನೆ. ಈಗ ಡಾಕ್ಟರು ನೋಡ್ತಿದಾರೆ, ವಕೀಲರನ್ನೂ ಒಳಗೆ ಬಿಟ್ಟಿದಾರೆ. ಅಮ್ಮನ್ನ ಒಂದು ಮಾತು ಕೇಳಿ ಅಂದನಂತೆ. ರೊಟ್ಟಿ ಇನ್ನೂ ಇದೆಯಾ ಅಂತ."

ಸಲೋಮತ್ ತೂತುಬಿದ್ದ ಗೋಡೆಗೊರಗಿ ಕೂತಳು. ಇಷ್ಟು ದಿನ ತಡೆದಿದ್ದ ಅಳು ಒಮ್ಮೆಲೇ ಉಕ್ಕಿತು.

"ಇದೆ ಅನ್ನು. ಕಲ್ಲಾಗಿದೆ, ಆದ್ರೂ ಇದೆ ಅನ್ನು."

ಬಂಧುಗಳೇ, ಜಫರ್ ಇನ್ನೂ ಮನೆಗೆ ಬಂದಿಲ್ಲ. ಆದರೆ ಅವನು ಎಲ್ಲಿದ್ದಾನೆಂದು ಈಗ ಲೋಕಕ್ಕೆ ಗೊತ್ತು. ಎಲ್ಲೇ ಆಗಲಿ, ಜನಾಂಗದ ಹೆಸರಿನಲ್ಲಿ ಕೇಡು ನಡೆದಾಗ ಅದರ ಗುರುತನ್ನು ಅಳಿಸಬೇಡಿ. ಕೇಳಲು ಬಂದವರಿಗೆ ಕಂಡದ್ದನ್ನು ಕಂಡಂತೆ ಹೇಳಿ. ಹೇಳಿದವರ ಬೆನ್ನಿಗೆ ನಿಲ್ಲಿ, ಅವರು ನಿಮ್ಮವರಲ್ಲದಿದ್ದರೂ ನಿಲ್ಲಿ. ಗೋಡೆಗೆ ಸುಣ್ಣ ಬಳಿಯುವ ದಿನ ಬಂದೇ ಬರುತ್ತದೆ. ಅದಕ್ಕೆ ಮುಂಚೆ ಯಾರಾದರೂ ಆ ಗೋಡೆಯನ್ನು ನೋಡಲಿ.