ಕೆಂಪು ಮುಚ್ಚಳದ ಸಿರಿಂಜು

ಪೆದ್ರುವಿಗೆ ದಿನಕ್ಕೆ ಎರಡು ಸಲ ಸೂಜಿ ಚುಚ್ಚಬೇಕಿತ್ತು, ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ. ಪೆದ್ರು ಎಂದರೆ ಕಾಪುವಿನ ಗಣಿತದ ಟೀಚರ್ ಇಮೆಲ್ಡಾ ಸಾಕಿದ ಹನ್ನೊಂದು ವರ್ಷದ ಕೇಸರಿ ಬಣ್ಣದ ಗಂಡು ಬೆಕ್ಕು. ಅದಕ್ಕೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಂದಿನಿಂದ, ಎರಡು ವರ್ಷ, ಇಮೆಲ್ಡಾ ಒಂದು ರಾತ್ರಿಯೂ ಹೊರಗೆ ಉಳಿದವಳಲ್ಲ. ಕುಕ್ಕುಂದೂರಿನಲ್ಲಿ ಅಣ್ಣ ಕಜೆಟನ್‌ನ ಮಗಳ ಮದುವೆಯ ದಿನ ಕೂಡ ಕೇಕ್ ಕತ್ತರಿಸುವ ಮೊದಲೇ ಎದ್ದು ಬಸ್ಸು ಹಿಡಿದಿದ್ದಳು.

ಈಗ ನಾಲ್ಕು ದಿನ ಮಣಿಪಾಲದ ಆಸ್ಪತ್ರೆಯಲ್ಲಿ ಇರಲೇಬೇಕಾಗಿ ಬಂದಿತ್ತು. ಎಡಗಡೆಯ ಎದೆಯಲ್ಲಿ ಒಂದು ಗಂಟು. ತೆಗೆಯಬೇಕು, ತಡ ಮಾಡಬೇಡಿ ಎಂದಿದ್ದರು. ಅವಳು ಎರಡು ಸಲ ದಿನ ಮುಂದೂಡಿದ್ದಳು. ಬೆಕ್ಕಿಗೆ ಸೂಜಿ ಕೊಡುವವರಿಲ್ಲ ಎಂಬ ಕಾರಣ ಸುಳ್ಳೇನೂ ಆಗಿರಲಿಲ್ಲ. ಆದರೆ ಆ ಕಾರಣ ಕೈಗೆ ಸಿಕ್ಕಾಗ ಎದೆ ಎಷ್ಟು ಹಗುರಾಗಿತ್ತು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹುಡುಕುವುದನ್ನಂತೂ ಹುಡುಕಿದ್ದಳು. ಉಡುಪಿಯಲ್ಲಿ ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳುವ ಮನೆಯೊಂದಕ್ಕೆ ಫೋನ್ ಮಾಡಿದರೆ, "ಮಾತ್ರೆ ಆದರೆ ಅನ್ನದಲ್ಲಿ ಕಲಸಿ ಕೊಡ್ತೇವೆ ಮೇಡಂ, ಸೂಜಿಯ ತಂಟೆ ಬೇಡ" ಎಂದರು. ಮಣಿಪಾಲದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಧೈರ್ಯ ಮಾಡಿ ಬಂದಳು. ಪೆದ್ರು ಒಮ್ಮೆ ಬುಸ್ಸೆಂದದ್ದಕ್ಕೆ ಸಿರಿಂಜನ್ನು ಮೇಜಿನ ಮೇಲಿಟ್ಟು, ಮನುಷ್ಯರೇ ವಾಸಿ ಎಂದು ಹೊರಟುಹೋದಳು. ಕಜೆಟನ್‌ಗೆ ಸೂಜಿ ನೋಡಿದರೇ ಬೆವರು ಕಿತ್ತುಕೊಂಡು ಬರುತ್ತಿತ್ತು.

ಕೊನೆಗೆ ಒಪ್ಪಿದವಳು ಸರಸ. ಮಲ್ಪೆಯವಳು, ಹದಿನೈದು ವರ್ಷಗಳಿಂದ ಇಮೆಲ್ಡಾಳ ಅಂಗಳಕ್ಕೆ ಮೀನು ತರುವವಳು. ಅವಳ ದನಿ ಗೇಟಿನಾಚೆ ಕೇಳಿದರೆ ಸಾಕು, ಪೆದ್ರು ಬಾಲ ಎತ್ತಿಕೊಂಡು ಓಡುತ್ತಿತ್ತು.

"ನನ್ನ ಗಂಡನಿಗೆ ಒಂಬತ್ತು ವರ್ಷ ನಾನೇ ಇನ್ಸುಲಿನ್ ಕೊಟ್ಟದ್ದು ಟೀಚರೇ. ಬೋಟಿನಿಂದ ಇಳಿದು ಬಂದ ಕೂಡಲೇ ಸೂಜಿ, ಆಮೇಲೆ ಊಟ. ಅವರು ಹೋಗುವವರೆಗೂ ಒಂದು ದಿನ ತಪ್ಪಿಸಲಿಲ್ಲ. ಇದೆಂತ ದೊಡ್ಡ ಕೆಲಸ?"

ಅವಳ ಕೈ ನಿಜಕ್ಕೂ ಒಂದಿಷ್ಟೂ ಅಳುಕಲಿಲ್ಲ. ಮೂರು ದಿನ ಇಮೆಲ್ಡಾ ಔಷಧ ಎಳೆದುಕೊಟ್ಟ ಸಿರಿಂಜಿನಿಂದ ಅವಳ ಎದುರೇ ಕೊಟ್ಟು ತೋರಿಸಿದಳು. ಬೆಕ್ಕಿಗೆ ತಿಳಿಯುವುದರೊಳಗೆ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಇಮೆಲ್ಡಾ ಎರಡು ಪುಟ ಬರೆದಿಟ್ಟಳು: ಮೊದಲು ಊಟ, ಆಮೇಲೆ ಸೂಜಿ, ಎರಡೇ ಯೂನಿಟ್, ತಿನ್ನದಿದ್ದರೆ ಫೋನ್. ಸರಸ ನಾಲ್ಕು ದಿನ ಕಾಪುವಿನ ಮನೆಯಲ್ಲೇ ಉಳಿಯುವುದೆಂದಾಯಿತು. ಮಂಗಳವಾರ ಮಧ್ಯಾಹ್ನ ಇಮೆಲ್ಡಾ ಅವಳ ಕೈಯಲ್ಲಿ ಬೀಗದ ಕೈ ಇಟ್ಟು ಮಣಿಪಾಲಕ್ಕೆ ಹೋಗಿ ದಾಖಲಾದಳು.

ಬುಧವಾರ ಬೆಳಿಗ್ಗೆ ಏಳೂಕಾಲಿಗೆ ಸರಸಳ ವಿಡಿಯೊ ಕರೆ ಬಂತು. ಪೆದ್ರು ಅಡುಗೆಮನೆಯ ನೆಲದಲ್ಲಿ ಕೂತು ಮೀಸೆ ನೆಕ್ಕುತ್ತಿತ್ತು.

"ಆಯಿತು ಟೀಚರೇ. ಊಟ ಅರ್ಧ ಮಾಡಿದ. ಸೂಜಿ ಕೊಟ್ಟೆ. ನೀವು ಧೈರ್ಯದಲ್ಲಿ ಆಪರೇಶನ್ ಮುಗಿಸಿ ಬನ್ನಿ."

ಇಮೆಲ್ಡಾ ನಗುತ್ತಿದ್ದಳು. ಫೋನ್ ಸ್ವಲ್ಪ ವಾಲಿದಾಗ ಬೆಕ್ಕಿನ ಪಕ್ಕದಲ್ಲಿ ಸಿರಿಂಜು ಕಾಣಿಸಿತು. ಅದರ ಮುಚ್ಚಳ ಕೆಂಪಾಗಿತ್ತು.

"ಸರಸಕ್ಕ, ಅದು ಯಾವ ಸಿರಿಂಜು?"

"ಇದಾ? ನಿನ್ನೆ ಸಂಜೆ ನಿಮ್ಮದರಲ್ಲೇ ಕೊಟ್ಟೆ, ಆಮೇಲೆ ಮೆಡಿಕಲ್‌ನಿಂದ ಇದನ್ನು ತಂದೆ. ನಿಮ್ಮದರಲ್ಲಿ ಗೀಟು ತೀರಾ ಸಣ್ಣ, ನನ್ನ ಕಣ್ಣಿಗೆ ಹಿಡಿಯುವುದಿಲ್ಲ. ಹೆಚ್ಚುಕಮ್ಮಿ ಆಗಬಾರದಲ್ವಾ? ಇದು ನನ್ನ ಗಂಡನಿಗೆ ಕೊಡುತ್ತಿದ್ದದ್ದೇ. ಗೀಟು ದೊಡ್ಡ ಉಂಟು. ಸರಿಯಾಗಿ ಎರಡಕ್ಕೆ ಎಳೆದೆ."

ಮನೆಯಲ್ಲಿದ್ದದ್ದು ಕಿತ್ತಳೆ ಮುಚ್ಚಳದ ಸಿರಿಂಜು, ಪೆದ್ರುವಿನ ಗಾಢವಾದ ಇನ್ಸುಲಿನ್ನಿಗೆಂದೇ ಅಳತೆ ಮಾಡಿದ್ದು. ಕೆಂಪು ಮುಚ್ಚಳದ್ದು ತೆಳು ಇನ್ಸುಲಿನ್ನಿಗೆ. ಕೆಂಪು ಸಿರಿಂಜಿನಲ್ಲಿ ಈ ಔಷಧವನ್ನು ಎರಡರ ಗೀಟಿಗೆ ಎಳೆದರೆ ಬರುವುದು ಐದು ಯೂನಿಟ್. ಇಪ್ಪತ್ತಾರು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳಿಗೆ ಅದನ್ನು ಗುಣಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. ಐದು ಯೂನಿಟ್, ನಾಲ್ಕು ಕಿಲೋ ಬೆಕ್ಕಿಗೆ. ಎರಡು ಪುಟದಲ್ಲಿ ಎಲ್ಲೂ ಅವಳು ಮುಚ್ಚಳದ ಬಣ್ಣ ಬರೆದಿರಲಿಲ್ಲ.

"ಎಂತ ಆಯಿತು ಟೀಚರೇ?"

"ಅವನಿಗೆ ಇನ್ನೂ ಊಟ ಕೊಡಿ. ಎಷ್ಟು ತಿನ್ನುತ್ತಾನೋ ಅಷ್ಟು. ಔಷಧ ಹೆಚ್ಚಾಗಿದೆ."

ಸರಸಳ ಮುಖ ಫೋನಿನಿಂದ ಮಾಯವಾಯಿತು. ತಟ್ಟೆ ಎಳೆದ ಸದ್ದು. ಮೀನಿನ ಚೂರು ತೋರಿಸಿ ಅವಳು ಗೋಗರೆಯುವುದು ಕೇಳಿಸಿತು. ಹೊಟ್ಟೆ ತುಂಬಿದ ಬೆಕ್ಕು ಮುಖ ತಿರುಗಿಸಿತು.

ಉಡುಪಿಯ ಪಶುವೈದ್ಯೆ ಡಾಕ್ಟರ್ ತೃಪ್ತಿಯವರ ಫೋನ್ ರಿಂಗ್ ಆಗುತ್ತಲೇ ಇತ್ತು. ಒಂದು ಸಲ, ಎರಡು ಸಲ. ಕ್ಲಿನಿಕ್ ತೆರೆಯುವುದು ಒಂಬತ್ತಕ್ಕೆ. ಐದನೆಯ ಸಲ ಎತ್ತಿಕೊಂಡರು.

"ಈಗಲೇ ಕ್ಲಿನಿಕ್ಕಿಗೆ ತರಿಸಿ. ಲಕ್ಷಣ ಕಾಣುವವರೆಗೆ ಕಾಯಬೇಡಿ. ದಾರಿಯಲ್ಲಿ ಕುತ್ತಿಗೆ ವಾಲಿದರೆ, ನಡುಗಿದರೆ, ಜೇನು ಒಸಡಿಗೆ ಹಚ್ಚಬೇಕು. ಗಂಟಲಿಗೆ ಸುರಿಯಬಾರದು. ನಾನು ಕ್ಲಿನಿಕ್ಕಿಗೆ ಹೊರಟೆ."

ಇಮೆಲ್ಡಾ ಅದನ್ನೆಲ್ಲ ಸರಸಳಿಗೆ ಹೇಳಿದಳು, ಎರಡೆರಡು ಸಲ ಅವಳ ಬಾಯಿಂದಲೂ ಹೇಳಿಸಿದಳು. ರಿಕ್ಷಾ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ಅವಳು ವಾರ್ಡಿನ ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು. ಆಮೇಲೆ ಚಪ್ಪಲಿ ಹುಡುಕತೊಡಗಿದಳು.

"ಎಲ್ಲಿಗೆ?" ಆಸ್ಪತ್ರೆಯಲ್ಲಿ ಜೊತೆಗಿದ್ದ ಕಜೆಟನ್ ಬಾಗಿಲಿಗೆ ಅಡ್ಡ ನಿಂತ.

"ಕ್ಲಿನಿಕ್ಕಿಗೆ. ಹತ್ತೇ ನಿಮಿಷದ ದಾರಿ. ನಾಳೆ ಮಾಡಿಸಿಕೊಳ್ಳುತ್ತೇನೆ."

"ಮೂರನೆಯ ಸಲವಾ?"

ಅವಳು ಒಂದು ಚಪ್ಪಲಿ ಮೆಟ್ಟಿದಳು. ಅಣ್ಣನ ದನಿ ಇಳಿಯಿತು. "ಇಮೆಲ್ಡಾ, ನೀನು ಹೋದರೆ ಮತ್ತೆ ಬರುವುದಿಲ್ಲ. ನನಗೆ ಗೊತ್ತುಂಟು."

ಅವಳಿಗೂ ಗೊತ್ತಿತ್ತು. ಕೈಗೆ ಚುಚ್ಚಿದ್ದ ಸೂಜಿಯ ಪ್ಲಾಸ್ಟರನ್ನು ನೋಡುತ್ತ ಮಂಚದ ಅಂಚಿನಲ್ಲಿ ಕುಳಿತಳು. ಪೆದ್ರು ಸಾಯುತ್ತದೆಂಬ ಹೆದರಿಕೆ ಯಾವುದು, ತಾನು ಸಾಯುತ್ತೇನೆಂಬ ಹೆದರಿಕೆ ಯಾವುದು ಎಂದು ಬಿಡಿಸಿ ನೋಡಲು ಆಗುತ್ತಿರಲಿಲ್ಲ.

ಎಂಟೂವರೆಗೆ ಕಟಪಾಡಿಯಿಂದ ಕರೆ ಬಂತು. ಹೆದ್ದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತು ರಿಕ್ಷಾ ಅಲುಗಾಡುತ್ತಿರಲಿಲ್ಲ.

"ಟೀಚರೇ, ಅವನು ತಲೆ ಎತ್ತುವುದಿಲ್ಲ. ಕಾಲು ಎಳೆಯುತ್ತಾನೆ. ಕಣ್ಣು ಎಲ್ಲೋ ನೋಡ್ತದೆ!"

"ಜೇನು. ಸರಸಕ್ಕ, ಜೇನು. ಬೆರಳಿಗೆ ತಗೊಂಡು ಒಸಡಿಗೆ ಉಜ್ಜಿ."

"ಹಲ್ಲು ಕಚ್ಚಿ ಹಿಡಿದಿದ್ದಾನೆ."

"ತುಟಿ ಎತ್ತಿ, ಹೊರಗಿನಿಂದಲೇ ಉಜ್ಜಿ. ಬಿಡಬೇಡಿ."

ಹಾರ್ನುಗಳ ಗದ್ದಲ. ಸರಸಳ ಏದುಸಿರು. "ಅಮ್ಮಾ!" ಎಂಬ ಕೂಗು. ಆಮೇಲೆ ಅವಳು ತುಳುವಿನಲ್ಲಿ ಬೆಕ್ಕಿಗೆ, ಮಗುವಿಗೆ ಹೇಳುವ ಹಾಗೆ, ಏನೇನೋ ಹೇಳುತ್ತಿದ್ದಳು. ಫೋನ್ ಸೀಟಿನ ಮೇಲೆ ಬಿದ್ದಿರಬೇಕು. ಒಮ್ಮೆಲೇ ಕರೆ ಕಡಿದುಹೋಯಿತು.

ಮತ್ತೆ ಮಾಡಿದರೆ ಎತ್ತಲಿಲ್ಲ. ತೃಪ್ತಿಯವರೂ ಫೋನ್ ಎತ್ತಲಿಲ್ಲ. ಒಂಬತ್ತೂವರೆಗೆ ಗಾಲಿ ಮಂಚ ಬಂತು. ನರ್ಸ್ ಮೆಲ್ಲಗೆ ಅವಳ ಬೆರಳು ಬಿಡಿಸಿ ಫೋನನ್ನು ಕಜೆಟನ್‌ನ ಕೈಗೆ ಕೊಟ್ಟಳು. ದಾರಿಯುದ್ದಕ್ಕೂ ಇಮೆಲ್ಡಾ ನಮೋ ಮರಿಯೆ ಪ್ರಾರ್ಥನೆ ಜಪಿಸಲು ನೋಡಿದಳು. ಅರ್ಧಕ್ಕೆ ಶಬ್ದಗಳೇ ಮರೆತುಹೋಗುತ್ತಿದ್ದವು. ಹತ್ತರಿಂದ ಹಿಂದಕ್ಕೆ ಎಣಿಸಿ ಎಂದರು. ಏಳಕ್ಕೆ ಎಲ್ಲ ಕತ್ತಲಾಯಿತು.

ಎಚ್ಚರವಾದಾಗ ಗಂಟಲು ಒಣಗಿತ್ತು. ಕಜೆಟನ್ ಬಾಗಿ, "ಇದ್ದಾನೆ, ಇದ್ದಾನೆ" ಎಂದ. ಅವಳು ನಂಬಲಿಲ್ಲ. ಅಪ್ಪ ತೀರಿದ ದಿನವೂ ಅವನು ಹಾಗೆಯೇ ಹೇಳಿ ಅವಳನ್ನು ಶಾಲೆಯಿಂದ ಮನೆಗೆ ಕರೆದುಕೊಂಡು ಬಂದಿದ್ದ. ಫೋನ್ ಕೇಳಿದಳು. ನರ್ಸ್ ಬೇಡವೆಂದರೂ ಕೇಳಿದಳು.

"ಬರುವಾಗ ಸಕ್ಕರೆ ಮೂವತ್ತೆರಡಕ್ಕೆ ಇಳಿದಿತ್ತು," ಎಂದರು ತೃಪ್ತಿ. "ಜೇನು ಹಚ್ಚದಿದ್ದರೆ ದಾರಿಯಲ್ಲೇ ಹೋಗುತ್ತಿತ್ತು. ಈಗ ಗ್ಲೂಕೋಸ್ ಹಾಕಿದ್ದೇನೆ, ಒಂದು ಗಂಟೆಯ ಹಿಂದೆ ಎದ್ದು ಕೂತಿತು. ಎರಡು ದಿನ ಇಲ್ಲೇ ಇರಲಿ." ಆಮೇಲೆ, "ಸರಸಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಬೆರಳಿಗೆ ಆಳವಾಗಿ ಕಚ್ಚಿದೆ, ಇಂಜೆಕ್ಷನ್ ಹಾಕಿಸಿಕೊಂಡು ಬಂದು ಮತ್ತೆ ಅಲ್ಲೇ ಕೂತರು. ಬೀಗದ ಕೈ ನನ್ನ ಹತ್ತಿರ ಕೊಟ್ಟಿದ್ದಾರೆ" ಎಂದರು.

ಸರಸ ಫೋನಿಗೆ ಬರಲು ಒಪ್ಪಲು ಬಹಳ ಹೊತ್ತಾಯಿತು. ಬಂದವಳು ಮೊದಲು ಅತ್ತಳು.

"ನಾನು ಕೊಲ್ಲುತ್ತಿದ್ದೆ ಟೀಚರೇ. ಗೊತ್ತುಂಟು ಗೊತ್ತುಂಟು ಎಂದು ಕೊಂದುಬಿಡುತ್ತಿದ್ದೆ. ಬೇರೆ ಯಾರನ್ನಾದರೂ ನೋಡಿ."

ಇಮೆಲ್ಡಾಳಿಗೆ ಕೋಪ ಬರಬೇಕಿತ್ತು. ಬರಲೂ ನೋಡಿತು. ಆದರೆ ಬರೆಯದೆ ಬಿಟ್ಟ ಆ ಒಂದು ಸಾಲು ಕಣ್ಣೆದುರು ನಿಂತಿತ್ತು.

"ಬಣ್ಣ ನಾನು ಬರೆಯಲಿಲ್ಲ ಸರಸಕ್ಕ. ಬೀಗದ ಕೈ ವಾಪಸು ತಗೊಳ್ಳಿ."

ಶುಕ್ರವಾರ ಪೆದ್ರು ಮನೆಗೆ ಬಂತು. ಶನಿವಾರ ಬೆಳಿಗ್ಗೆ ಮತ್ತೆ ಇನ್ಸುಲಿನ್, ಈ ಬಾರಿ ಒಂದೇ ಯೂನಿಟ್. ಇಮೆಲ್ಡಾ ವಾರ್ಡಿನಿಂದ ಫೋನಿನಲ್ಲಿ ನೋಡುತ್ತಿದ್ದಳು. ಸರಸ ಕಿತ್ತಳೆ ಮುಚ್ಚಳವನ್ನು ಕ್ಯಾಮೆರಾಕ್ಕೆ ತೋರಿಸಿದಳು, ಗೀಟು ತೋರಿಸಿದಳು, ಸಾಲದೆಂದು ಪಕ್ಕದ ಮನೆಯವರನ್ನೂ ಕರೆದು ತೋರಿಸಿದಳು. ಚುಚ್ಚುವ ಮೊದಲು ಎರಡು ಸಲ ಸೂಜಿ ಕೆಳಗಿಟ್ಟಳು. ಕೊನೆಗೂ ಆಯಿತು. ಆ ಇಡೀ ದಿನ ಇಬ್ಬರೂ ಗಂಟೆಗೊಮ್ಮೆ ಒಬ್ಬರಿಗೊಬ್ಬರು ಫೋನ್ ಮಾಡುತ್ತಲೇ ಇದ್ದರು.

ಹತ್ತು ದಿನದ ಮೇಲೆ ಗಂಟಿನ ವರದಿ ಬಂತು. ಅವಳು ಹೆದರಿದ್ದ ಕಾಯಿಲೆಯೇ. ಆದರೆ ಹರಡಿರಲಿಲ್ಲ. ಗಾಯ ಪೂರ್ತಿ ಒಣಗಿದ ಮೇಲೆ ಐದು ವಾರ ದಿನಾ ಮಣಿಪಾಲಕ್ಕೆ ಹೋಗಿ ವಿಕಿರಣ ಕೊಡಿಸಿಕೊಳ್ಳಬೇಕು, ಕೆಲವು ದಿನ ಸುಸ್ತಿನಲ್ಲಿ ಅಲ್ಲೇ ಉಳಿಯಬೇಕಾದೀತು ಎಂದರು. ಮರುದಿನ ಸರಸ ಮೀನಿನ ಬುಟ್ಟಿ ಇಳಿಸಿದಾಗ ಇಮೆಲ್ಡಾ ಎಲ್ಲವನ್ನೂ ಹೇಳಿದಳು. ಸರಸ ಪೆದ್ರುವಿನ ಬೆನ್ನು ಸವರುತ್ತ ಕೂತಳು.

"ನನಗೆ ಹೆದರಿಕೆ ಆಗ್ತದೆ ಟೀಚರೇ."

"ನನಗೂ."

ಸರಸ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೊದಲ ದಿನ ಎಷ್ಟು ಗಂಟೆಯ ಬಸ್ಸಿಗೆ ಹೊರಡಬೇಕು ನೀವು?" ಎಂದು ಕೇಳಿದಳು.